ಹಳೆ ಜೀಪಿನ ಸ್ಟೆಪ್ನಿ ಕವರ್: ಮೊದಲು ಬಿಸಿಲಿಗೆ ಇಡಿ

ನಮಸ್ಕಾರ ಸರ್. ಮಡಿಕೇರಿಯಲ್ಲಿ ನಿಮ್ಮ ಹಳೆ ವಿಲ್ಲಿಸ್ ಜೀಪಿನ ಸ್ಟೆಪ್ನಿಗೆ ಹೊಸ ರೆಕ್ಸಿನ್ ಕವರ್ ಕೂರುತ್ತಿಲ್ಲ, ಎಳೆದರೆ ಹೊಲಿಗೆ ಬಿಡುತ್ತದೆ ಎಂದು ಕೇಳಿದ್ದೀರಿ.

ಮೊದಲು ಟೈರಿನ ಅಳತೆ ನೋಡಿ. 6.00-16 ಎಂದಿದ್ದರೆ ಅಗಲ 6 ಇಂಚು, ರಿಮ್ 16 ಇಂಚು. ಟೈರಿನ ಪೂರ್ತಿ ಎತ್ತರ ಅದರಲ್ಲಿ ಇರುವುದಿಲ್ಲ. ಅದನ್ನು ಟೇಪಿನಲ್ಲೇ ಅಳೆಯಬೇಕು. ಅಗಲವನ್ನೂ ಅಳೆಯಿರಿ, ಕವರ್ ಬಿಗಿಯಾಗುವುದು ಜಾಸ್ತಿ ಅಲ್ಲೇ.

ಅಳತೆ ಸರಿ ಇದ್ದರೆ ತೊಂದರೆ ಚಳಿಯದ್ದು. ನಮ್ಮ ಕೊಡಗಿನ ಬೆಳಗಿನ ಥಂಡಿಗೆ ರೆಕ್ಸಿನ್ ಗಟ್ಟಿಯಾಗುತ್ತದೆ ಅಲ್ವಾ? ಕಾಫಿ ಕಣದ ಬಿಸಿಲಿನಲ್ಲಿ ಅರ್ಧ ಗಂಟೆ ಹರಡಿ. ಮೆತ್ತಗಾದ ಮೇಲೆ ಒಳಗೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಮೇಲಿನ ಅಂಚನ್ನು ಟೈರಿನ ಹಿಂದಕ್ಕೆ ಸಿಕ್ಕಿಸಿ. ಎರಡೂ ಬದಿ ಒಟ್ಟಿಗೆ ಇಳಿಸುತ್ತಾ ಬನ್ನಿ. ಕೆಳಭಾಗ ಕೊನೆಗೆ. ಹೊಲಿಗೆ ಹಿಡಿದು ಎಳೆಯಬೇಡಿ, ಅಂಗೈಯಿಂದ ತಳ್ಳಿ. ಜಾರಲಿ ಎಂದು ಎಣ್ಣೆ, ಗ್ರೀಸ್ ಮಾತ್ರ ಹಚ್ಚಬೇಡಿ. ರಬ್ಬರ್ ಹಾಳಾಗುತ್ತದೆ.

ಇನ್ನೊಂದು ಮಾತು. ಕವರಿನ ತಳದಲ್ಲಿ ನೀರು ಇಳಿಯಲು ತೂತು ಇರಲೇಬೇಕು. ನನ್ನ ಜೀಪಿನಲ್ಲಿ ಇರಲಿಲ್ಲ, ಒಂದೇ ಮಳೆಗಾಲಕ್ಕೆ ರಿಮ್ ತುಕ್ಕು ಹಿಡಿಯಿತು. ತುಂಬಾ ಬೇಜಾರಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಕವರ್ ಬಿಚ್ಚಿ ಒರೆಸಿ.