4ಕೆ ಇಟ್ಟಾಗ ಮಾತ್ರ ಪರದೆ ಮೇಲೆ ಚುಕ್ಕಿಗಳು ಏಕೆ?

1080ಪಿ ರೆಸಲ್ಯೂಶನ್‌ನಲ್ಲಿ ಚೆನ್ನಾಗಿದ್ದ ಮಾನಿಟರ್, ಅದಕ್ಕಿಂತ ನಾಲ್ಕು ಪಟ್ಟು ಪಿಕ್ಸೆಲ್ ಇರುವ 4ಕೆಗೆ ಹೋದ ತಕ್ಷಣ ಬಿಳಿ ಚುಕ್ಕಿ ಮಿನುಗಿಸುತ್ತದೆ, ಆಗಾಗ ಕಪ್ಪಾಗುತ್ತದೆ ಅಂದಿರಿ. ನನ್ನ ಮೊದಲ ಅನುಮಾನ ಕೇಬಲ್ ಮೇಲೆ.

ಮಾನಿಟರ್‌ಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್‌ನಲ್ಲಿ 60 ಹರ್ಟ್ಸ್‌ನ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವ) 1080ಪಿಗೆ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಸಾಕು. 4ಕೆಗೆ ಅದರ ನಾಲ್ಕು ಪಟ್ಟು, ಹತ್ತಿರ ಹತ್ತಿರ 18 ಬೇಕು. ಹಳೆಯ ಕೇಬಲ್ ಅಷ್ಟಕ್ಕೆ ಏದುಸಿರು ಬಿಡುತ್ತದೆ. ದಾರಿಯಲ್ಲಿ ಕೆಟ್ಟುಹೋದ ಬಿಟ್‌ಗಳೇ ಆ ಚುಕ್ಕಿಗಳು.

ದುಡ್ಡು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಚುಕ್ಕಿ ಕಾಣುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ನಲ್ಲಿ ನೋಡಿ. ಅಲ್ಲೂ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಅಥವಾ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ನ ತಕರಾರು. ಇಲ್ಲದಿದ್ದರೆ ಬಹುಮಟ್ಟಿಗೆ ಕೇಬಲ್, ಪೋರ್ಟ್ ಅಥವಾ ಮಾನಿಟರ್. ಆಗ 4ಕೆಯಲ್ಲೇ ಬಿಟ್ಟು ರಿಫ್ರೆಶ್ ರೇಟ್ ಮಾತ್ರ 30 ಹರ್ಟ್ಸ್‌ಗೆ ಇಳಿಸಿ. ಮೌಸ್ ಬಾಣ ತಡವರಿಸುತ್ತದೆ, ಇರಲಿ, ಪರೀಕ್ಷೆಗಷ್ಟೇ ಅಲ್ವಾ? ಹೊರೆ ಅರ್ಧವಾಗಿ ಚುಕ್ಕಿ ಮಾಯವಾದರೆ ಕಳ್ಳ ಹೆಚ್ಚೂಕಡಿಮೆ ಸಿಕ್ಕಂತೆಯೇ: ಕೇಬಲ್.

ನಾನು ಸುಮ್ನೆ ಡ್ರೈವರ್ ತೆಗೆದು ಹಾಕುತ್ತಾ ಒಂದಿಡೀ ಭಾನುವಾರ ಹಾಳು ಮಾಡಿಕೊಂಡಿದ್ದೆ. ಕೊನೆಗೆ ನೋಡಿದರೆ, ಐದು ಮೀಟರ್ ಕೇಬಲ್ ಮೇಜಿನ ಕಾಲಡಿ ಸಿಕ್ಕಿ ಚಪ್ಪಟೆಯಾಗಿತ್ತು!

ಹೊಸದು ಕೊಳ್ಳುವಾಗ 'ಪ್ರೀಮಿಯಂ ಹೈ ಸ್ಪೀಡ್' ಲೇಬಲ್ ಇರುವುದನ್ನು, ಎರಡು ಮೀಟರ್ ಒಳಗಿನದನ್ನು ತೆಗೆದುಕೊಳ್ಳಿ. ಚಿನ್ನದ ಲೇಪ ಅಂತ ಜಾಸ್ತಿ ದುಡ್ಡು ಕೊಡಬೇಡಿ.