ಓದುಗರ ಪ್ರಶ್ನೆ: ಆಪ್ತಸಮಾಲೋಚನೆಯ ಕೋರ್ಸು ಗಟ್ಟಿಯಾಗಿದೆಯೆಂದು ತಿಳಿಯುವುದು ಹೇಗೆ?

ಪ್ರಶ್ನೆ: ಮಾನ್ಯರೇ, ನನ್ನ ಮಗಳು ಈ ವರ್ಷ ಮನೋವಿಜ್ಞಾನವನ್ನು ಐಚ್ಛಿಕ ವಿಷಯವಾಗಿ ಓದಿ ಬಿ.ಎ. ಮುಗಿಸಿದ್ದಾಳೆ. ಆಪ್ತಸಮಾಲೋಚನೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೆಂಬುದು ಅವಳ ಆಸೆ. ಮೂರು ವಿಶ್ವವಿದ್ಯಾಲಯಗಳ ಮಾಹಿತಿ ಪುಸ್ತಿಕೆ ತರಿಸಿ ನೋಡಿದೆವು. ಮೂರರಲ್ಲೂ ಹೆಚ್ಚುಕಡಿಮೆ ಅವೇ ಪತ್ರಿಕೆಗಳು, ಅದೇ ‘ನುರಿತ ಅಧ್ಯಾಪಕ ವೃಂದ’. ಒಂದಕ್ಕೆ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ನೀಡುವ ನ್ಯಾಕ್ ಮಂಡಳಿಯಿಂದ ಉನ್ನತ ಶ್ರೇಣಿ ದೊರೆತಿದೆ, ಅದರ ಶುಲ್ಕ ಉಳಿದವುಗಳ ದುಪ್ಪಟ್ಟು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಈ ವಿದ್ಯೆಯ ಒಳಹೊರಗು ತಿಳಿಯದು. ಯಾವುದು ಒಳ್ಳೆಯದೆಂದು ನಿರ್ಧರಿಸುವುದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನ್ಯಾಕ್ ಶ್ರೇಣಿಯಿಂದಲೇ ಆರಂಭಿಸೋಣ, ಏಕೆಂದರೆ ನಿಮ್ಮ ಹಣ ಹೆಚ್ಚಾಗಿ ಹೋಗಲಿರುವುದು ಅದರ ಹೆಸರಿನಲ್ಲಿ. ನ್ಯಾಕ್ ಪರಿಶೀಲಿಸುವುದು ಇಡೀ ಸಂಸ್ಥೆಯನ್ನು: ಗ್ರಂಥಾಲಯ, ಆಡಳಿತ, ಸಂಶೋಧನೆ, ಮೂಲಸೌಕರ್ಯ, ಇವೆಲ್ಲವೂ ಅದರಲ್ಲಿ ಸೇರುತ್ತವೆ. ನಿಮ್ಮ ಮಗಳು ಸೇರಲಿರುವ ಒಂದು ವಿಭಾಗದಲ್ಲಿ ಆಪ್ತಸಮಾಲೋಚನೆಯನ್ನು ಹೇಗೆ ಕಲಿಸುತ್ತಾರೆ ಎಂಬುದಕ್ಕೆ ಆ ಅಕ್ಷರಗಳು ಉತ್ತರ ಕೊಡುವುದಿಲ್ಲ. ಶ್ರೇಣಿಯನ್ನು ತಳ್ಳಿಹಾಕಬೇಕಾಗಿಲ್ಲ, ಆದರೆ ಅದೊಂದಕ್ಕಾಗಿ ದುಪ್ಪಟ್ಟು ಶುಲ್ಕ ಕಟ್ಟಬೇಕಾಗಿಯೂ ಇಲ್ಲ.

ಎರಡನೆಯದಾಗಿ, ಕೋರ್ಸು ಮುಗಿದ ಮೇಲೆ ಅವಳು ತನ್ನನ್ನು ಏನೆಂದು ಕರೆದುಕೊಳ್ಳಬಹುದು ಎಂದು ವಿಭಾಗದವರನ್ನು ನೇರವಾಗಿ ಕೇಳಿ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ವೃತ್ತಿ ನಡೆಸಲು 1992ರ ಕಾಯ್ದೆಯಡಿ ಬರುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದಕ್ಕೆ ಪರಿಷತ್ತು ಮಾನ್ಯ ಮಾಡಿದ ಪ್ರತ್ಯೇಕ ತರಬೇತಿಯಿದೆ, ಆಪ್ತಸಮಾಲೋಚನೆಯ ಎಂ.ಎಸ್ಸಿ. ಪದವಿಯಿಂದ ಅದು ತಾನಾಗಿ ಸಿಗುವುದಿಲ್ಲ. 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಸಮಾಲೋಚಕರನ್ನೂ ವರ್ತನಾ ಆರೋಗ್ಯ ವೃತ್ತಿಗಳ ಪಟ್ಟಿಯಲ್ಲಿ ಸೇರಿಸಿದೆ. ಈ ವ್ಯತ್ಯಾಸವನ್ನು ನಿಮಗೆ ಸ್ಪಷ್ಟವಾಗಿ ಬಿಡಿಸಿ ಹೇಳುವ ವಿಭಾಗವನ್ನು ನಂಬಬಹುದು. ‘ಎಲ್ಲ ಒಂದೇ ಸಾರ್, ಕೆಲಸ ಸಿಗುತ್ತೆ’ ಎನ್ನುವ ವಿಭಾಗದಿಂದ ಎದ್ದು ಬನ್ನಿ.

ಇನ್ನು ಮುಖ್ಯ ವಿಷಯ. ಆಪ್ತಸಮಾಲೋಚನೆ ಪುಸ್ತಕದಿಂದ ಅರ್ಧವೂ ಬರದ ವಿದ್ಯೆ. ಈಜು ಕಲಿಯಲು ನೀರಿಗಿಳಿಯಬೇಕು ಎನ್ನುತ್ತಾರಲ್ಲ, ಇಲ್ಲಿ ನೀರಿಗಿಳಿದರೂ ಸಾಲದು, ದಡದಲ್ಲಿ ನೋಡುತ್ತಿರುವವರೊಬ್ಬರು ಬೇಕು. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ ಇದು: ವಿದ್ಯಾರ್ಥಿ ನಿಜವಾದ ಸಹಾಯಾರ್ಥಿಗಳೊಂದಿಗೆ ಎಷ್ಟು ಗಂಟೆ ಕೂರುತ್ತಾಳೆ, ಮತ್ತು ಅವಳು ನಡೆಸಿದ ಮಾತುಕತೆಯನ್ನು ಆಮೇಲೆ ಯಾರು, ಎಷ್ಟು ಹೊತ್ತು ಕುಳಿತು ಪರಿಶೀಲಿಸುತ್ತಾರೆ?

ಅಳತೆಗೋಲು ಬೇಕೆಂದರೆ, ಅಮೆರಿಕದಲ್ಲಿ 1981ರಿಂದ ಸಮಾಲೋಚನಾ ಕೋರ್ಸುಗಳಿಗೆಂದೇ ಮಾನ್ಯತೆ ನೀಡುತ್ತಿರುವ ಕೇಕ್ರೆಪ್ ಎಂಬ ಮಂಡಳಿಯ ನಿಯಮಗಳನ್ನು ನೋಡಬಹುದು. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ ಮೊದಲು 100 ಗಂಟೆಗಳ ಪ್ರಾಕ್ಟಿಕಮ್ (ಮೊದಲ ಹಂತದ ಪ್ರಾಯೋಗಿಕ ತರಬೇತಿ) ಮಾಡಬೇಕು, ಅದರಲ್ಲಿ ಕನಿಷ್ಠ 40 ಗಂಟೆ ಸಹಾಯಾರ್ಥಿಗಳೊಂದಿಗೆ ನೇರವಾಗಿ. ಅನಂತರ 600 ಗಂಟೆಗಳ ಇಂಟರ್ನ್‌ಶಿಪ್, ಅದರಲ್ಲಿ ನೇರ ಕೆಲಸ ಕನಿಷ್ಠ 240 ಗಂಟೆ. ಈ ಅವಧಿಯುದ್ದಕ್ಕೂ ವಾರಕ್ಕೆ ಸರಾಸರಿ ಒಂದು ಗಂಟೆ ಮೇಲ್ವಿಚಾರಕರು ಒಬ್ಬ ಅಥವಾ ಇಬ್ಬರು ವಿದ್ಯಾರ್ಥಿಗಳ ಜೊತೆ ಮಾತ್ರ ಕೂರಬೇಕು. ಗುಂಪಿನ ಮೇಲ್ವಿಚಾರಣೆ ಇದಲ್ಲದೆ ಬೇರೆ. ನಮ್ಮ ವಿಶ್ವವಿದ್ಯಾಲಯಗಳು ಈ ಅಂಕಿಗಳನ್ನೇ ಪಾಲಿಸಬೇಕೆಂದು ನಾನು ಹೇಳುತ್ತಿಲ್ಲ, ಅಮೆರಿಕದ ನಿಯಮ ನಮ್ಮವರನ್ನು ಕಟ್ಟಿಹಾಕುವುದೂ ಇಲ್ಲ. ಆದರೆ ಲೆಕ್ಕ ಎಲ್ಲಿಯೂ ಲೆಕ್ಕವೇ. ತರಗತಿಯಲ್ಲಿ 40 ವಿದ್ಯಾರ್ಥಿಗಳಿದ್ದು, ಮೇಲ್ವಿಚಾರಣೆಗೆ ಇಬ್ಬರೇ ಅಧ್ಯಾಪಕರಿದ್ದರೆ, ತಲಾ ಒಂದು ಗಂಟೆ ಕೊಡಲು ಒಬ್ಬೊಬ್ಬರಿಗೂ ವಾರದಲ್ಲಿ 20 ಗಂಟೆ ಬೇಕು. ಪಾಠ, ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಅದು ಆಗುವ ಮಾತೇ ಎಂದು ನೀವೇ ಕೇಳಬಹುದು. ಬ್ಯಾಂಕಿನಲ್ಲಿದ್ದವರಿಗೆ ಈ ಲೆಕ್ಕವನ್ನು ನಾನು ಹೇಳಿಕೊಡಬೇಕಾಗಿಲ್ಲ.

ಮೇಲ್ವಿಚಾರಣೆ ಎಂದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಲ್ಲ. ಒಳ್ಳೆಯ ವಿಭಾಗಗಳಲ್ಲಿ ವಿದ್ಯಾರ್ಥಿ ತನ್ನ ಒಂದು ಭೇಟಿಯನ್ನು, ಸಹಾಯಾರ್ಥಿಯ ಒಪ್ಪಿಗೆ ಪಡೆದು ಮತ್ತು ಹೆಸರು ಮರೆಮಾಡಿ, ಮಾತಿಗೆ ಮಾತು ಬರೆದು ತರುತ್ತಾಳೆ. ಹಾಳೆಯ ಎಡಕ್ಕೆ ಬಂದವರು ಹೇಳಿದ್ದು, ನಡುವೆ ತಾನು ಹೇಳಿದ್ದು, ಬಲಕ್ಕೆ ಆ ಕ್ಷಣದಲ್ಲಿ ತನಗೆ ಅನ್ನಿಸಿದ್ದು. ಉದಾಹರಣೆಗೆ ಪಿಯುಸಿ ಹುಡುಗಿಯೊಬ್ಬಳು, ‘ಮನೇಲಿ ಮದುವೆ ಮಾತಾಡ್ತಿದಾರೆ ಮೇಡಂ, ನಂಗೆ ರಾತ್ರಿ ನಿದ್ದೇನೇ ಬರಲ್ಲ’ ಎಂದಿದ್ದಾಳೆ ಎನ್ನಿ. ಹೊಸಬಳಾದ ಸಮಾಲೋಚಕಿ ನಡುವಿನ ಸಾಲಿನಲ್ಲಿ, ‘ಹೆದರಬೇಡ, ಓದಿನ ಕಡೆ ಗಮನ ಕೊಡು, ಎಲ್ಲ ಸರಿಹೋಗುತ್ತೆ’ ಎಂದು ಬರೆದಿರುತ್ತಾಳೆ. ಮೇಲ್ವಿಚಾರಕಿ ಪೆನ್ಸಿಲ್ಲಿನಿಂದ ಆ ಸಾಲಿಗೆ ಗೆರೆ ಎಳೆದು, ‘ಸಮಾಧಾನ ಬೇಕಾಗಿದ್ದದ್ದು ಅವಳಿಗೋ, ನಿನಗೋ?’ ಎಂದು ಕೇಳುತ್ತಾರೆ. ಹುಡುಗಿಗೆ ಎಷ್ಟು ವಯಸ್ಸು, ಮದುವೆಗೆ ಒತ್ತಾಯವಿದೆಯೇ, ನಿದ್ದೆ ಬಾರದ ರಾತ್ರಿಗಳಲ್ಲಿ ಅವಳ ತಲೆಯಲ್ಲಿ ಏನು ಓಡುತ್ತದೆ, ಸಾಯುವ ಯೋಚನೆ ಬಂದಿದೆಯೇ, ಇದ್ಯಾವುದನ್ನೂ ಕೇಳದೆ ಮಾತು ಮುಗಿಸಿಬಿಟ್ಟದ್ದು ಆಗ ಕಣ್ಣಿಗೆ ಬೀಳುತ್ತದೆ. ನಾನು ಕಲಿಯುವಾಗ ಇಂಥ ಒಂದು ಹಾಳೆಗೆ ಬಿದ್ದ ಗೆರೆ, ಓದಿದ ಹತ್ತು ಸಿದ್ಧಾಂತಗಳಿಗಿಂತ ಹೆಚ್ಚು ಕಲಿಸಿತು. ಅವಮಾನವೂ ಆಗಿತ್ತು, ಸುಳ್ಳೇಕೆ ಹೇಳಲಿ.

ಇದಕ್ಕೆ ತದ್ವಿರುದ್ಧವಾದದ್ದನ್ನೂ ನೋಡಿದ್ದೇನೆ. ಶಾಲೆಯೊಂದರ ಸಮಾಲೋಚಕರ ಹುದ್ದೆಗೆ ಸಂದರ್ಶನ ನಡೆಸುವಾಗ ಅಭ್ಯರ್ಥಿಯೊಬ್ಬರು ತಂದಿದ್ದ ಇಂಟರ್ನ್‌ಶಿಪ್ ದಿನಚರಿಯಲ್ಲಿ ಹದಿನಾರು ವಾರಗಳ ಬರಹವೂ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿತ್ತು. ಅಂಕಗಳು ಡಿಸ್ಟಿಂಕ್ಷನ್. ಆಕೆಯದು ತಪ್ಪೆಂದು ನನಗನ್ನಿಸಲಿಲ್ಲ, ಆ ದಿನಚರಿಯನ್ನು ಯಾರೂ ತೆರೆದು ನೋಡುವುದಿಲ್ಲವೆಂದು ಆಕೆಯ ವಿಭಾಗವೇ ಆಕೆಗೆ ಕಲಿಸಿತ್ತು.

ಪುಸ್ತಿಕೆಗಳಲ್ಲಿ ಎಂದೂ ಕಾಣದ ಇನ್ನೊಂದು ಸಂಗತಿ ಭಾಷೆ. ಪಾಠ, ಪಠ್ಯ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ; ಎದುರಿಗೆ ಬಂದು ಕೂರುವವರು ಆಡುವುದು ಕನ್ನಡ, ಅದೂ ಅವರವರ ಸೀಮೆಯ ಕನ್ನಡ. ‘ಬೇಜಾರು’ ಎಂಬ ಒಂದು ಮಾತನ್ನೇ ತೆಗೆದುಕೊಳ್ಳಿ. ಹೊತ್ತು ಹೋಗದಿರುವುದೂ ಬೇಜಾರು, ಗೆಳತಿಯ ಮೇಲಿನ ಮುನಿಸೂ ಬೇಜಾರು, ಗಂಡ ತೀರಿಕೊಂಡ ದುಃಖವೂ ಬೇಜಾರು, ಬದುಕೇ ಬೇಡವೆನಿಸುವುದೂ ಬೇಜಾರು. ‘ಎದೆ ಢವಢವ ಅನ್ನುತ್ತೆ’, ‘ತಲೆ ಭಾರ’, ‘ಹೊಟ್ಟೆಯಲ್ಲಿ ಸಂಕಟ’ ಎಂದು ನಮ್ಮವರು ಮನಸ್ಸಿನ ನೋವನ್ನು ಮೈಯ ಮೇಲಿಟ್ಟು ಹೇಳುತ್ತಾರೆ. ಇವುಗಳೊಳಗೆ ಯಾವುದು ಯಾವುದೆಂದು ಬಿಡಿಸಿ ಕೇಳುವ ಅಭ್ಯಾಸ ತರಗತಿಯ ರೋಲ್ ಪ್ಲೇಯಲ್ಲೇ (ಒಬ್ಬರು ಸಹಾಯಾರ್ಥಿಯ, ಇನ್ನೊಬ್ಬರು ಸಮಾಲೋಚಕರ ಪಾತ್ರ ವಹಿಸುವ ಅಭ್ಯಾಸ) ಆಗಬೇಕು. ‘ಮಕ್ಕಳು ಕನ್ನಡದಲ್ಲಿ ಅಭ್ಯಾಸ ಮಾಡುತ್ತಾರೆಯೇ?’ ಎಂದು ಕೇಳಿ. ದಾವಣಗೆರೆಯಲ್ಲಿ ಕೆಲಸ ಮಾಡಬೇಕಾದವಳಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಗೋಪ್ಯತೆಯ ಪಾಠವನ್ನೂ ವಿಚಾರಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆ; 2012ರ ಪೋಕ್ಸೋ ಕಾಯ್ದೆಯಾದರೋ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ವರದಿ ಮಾಡಲೇಬೇಕೆನ್ನುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡ ಸಂದರ್ಭಗಳನ್ನು ಚರ್ಚಿಸದೆ, ಮನೋವೈದ್ಯರ ಬಳಿಗೆ ಯಾವಾಗ ಕಳುಹಿಸಬೇಕೆಂಬುದನ್ನು ಕಲಿಸದೆ ಪದವಿ ಕೊಡುವ ಕೋರ್ಸು ಅಪಾಯಕಾರಿ.

ಇವೆಲ್ಲಕ್ಕೂ ಉತ್ತರ ಪ್ರವೇಶ ಕಚೇರಿಯಲ್ಲಿ ಸಿಗುವುದಿಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಮಗಳನ್ನು ಕರೆದುಕೊಂಡು ಹೋಗಿ. ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತನಾಡಿಸಲು ಅವಳನ್ನೊಬ್ಬಳನ್ನೇ ಬಿಡಿ. ನೀವು ಜೊತೆಗಿದ್ದರೆ ಅವರು ಬಾಯಿ ಬಿಡಲಾರರು. ‘ನಿಮ್ಮ ಭೇಟಿಯೊಂದರ ಬಗ್ಗೆ ಮೇಡಂ ಕಳೆದ ಬಾರಿ ಏನು ಹೇಳಿದರು?’ ಎಂಬ ಒಂದು ಪ್ರಶ್ನೆಗೆ ಅವರು ತಡವರಿಸದೆ ಉತ್ತರಿಸಿದರೆ, ಶುಲ್ಕ ಕಡಿಮೆಯಿದ್ದರೂ ಆ ವಿಭಾಗಕ್ಕೇ ಸೇರಿಸಿ.

ಪ್ರಶ್ನೆ: ನಾನು ಆಪ್ತಸಮಾಲೋಚನೆಯ ಸ್ನಾತಕೋತ್ತರ ಪದವಿಯ ಮೂರನೆಯ ಸೆಮಿಸ್ಟರಿನಲ್ಲಿದ್ದೇನೆ. ನಮಗೆ ಮೇಲ್ವಿಚಾರಣೆಯೆಂಬುದೇ ಇಲ್ಲ. ಆಸ್ಪತ್ರೆಯೊಂದರಲ್ಲಿ ಕೂರಿಸುತ್ತಾರೆ, ನಾವು ರೋಗಿಗಳ ವಿವರ ಬರೆದುಕೊಂಡು ಬರುತ್ತೇವೆ ಅಷ್ಟೆ. ಕೋರ್ಸು ಬಿಡಬೇಕೇ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಬಿಡಬೇಡಿ. ಆದರೆ ಸುಮ್ಮನೆಯೂ ಇರಬೇಡಿ. ನಾಲ್ಕೈದು ಸಹಪಾಠಿಗಳು ಸೇರಿ, ಎರಡು ವಾರಕ್ಕೊಮ್ಮೆ ಒಂದು ಗಂಟೆ ಪ್ರಕರಣ ಚರ್ಚೆಗೆ ಕೂರಬೇಕೆಂದು ವಿಭಾಗದ ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ಮನವಿ ಕೊಡಿ. ದೂರಿನ ಧಾಟಿ ಬೇಡ, ದಿನ ಮತ್ತು ವೇಳೆಯನ್ನು ನೀವೇ ಸೂಚಿಸಿದರೆ ನಿರಾಕರಿಸುವುದು ಅವರಿಗೂ ಕಷ್ಟ. ಆಸ್ಪತ್ರೆಯ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಅಥವಾ ಮನೋವಿಜ್ಞಾನಿಗಳು ಒಪ್ಪಿದರೆ, ಅವರು ಮಾತನಾಡಿಸುವಾಗ ಪಕ್ಕದಲ್ಲಿ ಕುಳಿತು ನೋಡಲು ಕೇಳಿಕೊಳ್ಳಿ. ಪದವಿ ಮುಗಿದ ಮೇಲೆ ಒಂದು ವರ್ಷವಾದರೂ ಅನುಭವಿಗಳ ಕೈಕೆಳಗೆ ಕೆಲಸ ಮಾಡದೆ ಸ್ವತಂತ್ರವಾಗಿ ಫಲಕ ಹಾಕಬೇಡಿ.

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕನಾಗಿದ್ದೇನೆ. ರಜೆ ಹಾಕದೆ ದೂರಶಿಕ್ಷಣದಲ್ಲಿ ಸಮಾಲೋಚನೆ ಕಲಿಯಬಹುದೇ?
– ಶಿಕ್ಷಕರು, ಹಾಸನ

ಉತ್ತರ: 2025ರ ಜುಲೈ–ಆಗಸ್ಟ್ ಸಾಲಿನಿಂದ ಮನೋವಿಜ್ಞಾನವನ್ನು ದೂರಶಿಕ್ಷಣ ಹಾಗೂ ಆನ್‌ಲೈನ್ ಕ್ರಮದಲ್ಲಿ ಕಲಿಸದಂತೆ ಯುಜಿಸಿ ಸೂಚಿಸಿದೆ, ಆದ್ದರಿಂದ ಅಂಥ ಜಾಹೀರಾತು ಕಂಡರೆ ಮೊದಲು ಅನುಮತಿಯನ್ನು ವಿಚಾರಿಸಿ. ಶಿಕ್ಷಕರನ್ನು ಗಮನದಲ್ಲಿಟ್ಟುಕೊಂಡು ಎನ್‌ಸಿಇಆರ್‌ಟಿ ರೂಪಿಸಿದ ಮಾರ್ಗದರ್ಶನ ಮತ್ತು ಸಮಾಲೋಚನಾ ಡಿಪ್ಲೊಮಾದ ವಿನ್ಯಾಸ ನೋಡಿ: ಆರು ತಿಂಗಳು ದೂರಶಿಕ್ಷಣ, ಮೂರು ತಿಂಗಳು ಮುಖಾಮುಖಿ ತರಗತಿ, ಮೂರು ತಿಂಗಳು ಇಂಟರ್ನ್‌ಶಿಪ್. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಈ ಸಾಲಿನ ಪ್ರವೇಶದ ಬಗ್ಗೆ ಕೇಳಿ ತಿಳಿಯಬಹುದು. ಆ ನಡುವಿನ ಮೂರು ತಿಂಗಳಿಗೆ ರಜೆ ಹಾಕಲೇಬೇಕಾದೀತು.