ಕೀಲುಗಳ ಕುರಿತ ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಮಾನವ ದೇಹದ ಕೀಲುಗಳು ಮತ್ತು ಅವುಗಳ ಕಾಯಿಲೆಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಈಗಿನ ರೂಪದಲ್ಲಿ ಪ್ರಕಟಿಸಲಾಗದು. ಮೊದಲರ್ಧದಲ್ಲಿ ಕೀಲುಗಳ ವಿಧಗಳನ್ನೂ ಉಳಿದರ್ಧದಲ್ಲಿ ಕಾಯಿಲೆಗಳನ್ನೂ ಪಟ್ಟಿ ಮಾಡಿದ್ದೀರಿ. ಎರಡಕ್ಕೂ ನಂಟೇ ಇಲ್ಲವೆಂಬಂತಿದೆ. ಕೀಲಿಗೆ ಬರುವ ತೊಂದರೆ ಬಹುಮಟ್ಟಿಗೆ ಅದರ ರಚನೆಯನ್ನೇ ಅನುಸರಿಸುತ್ತದೆ. ಭುಜ, ಸೊಂಟ ಎರಡೂ ಚೆಂಡು-ಗುಳಿ ಕೀಲುಗಳೆಂದು ಹೇಳಿ ಮುಂದೆ ಸಾಗಿದ್ದೀರಿ. ಭುಜದ ಗುಳಿ ಆಳವಿಲ್ಲದ್ದರಿಂದಲೇ ತೋಳು ಎಲ್ಲ ದಿಕ್ಕಿಗೂ ಆಡುತ್ತದೆ, ಅದೇ ಕಾರಣಕ್ಕೆ ಸುಲಭವಾಗಿ ಕೀಲು ತಪ್ಪುತ್ತದೆ. ಸೊಂಟದ ಗುಳಿ ಆಳವಾಗಿರುವುದರಿಂದ ಅಲ್ಲಿ ಕೀಲು ತಪ್ಪಲು ವಾಹನ ಅಪಘಾತದಂತಹ ಭಾರಿ ಪೆಟ್ಟೇ ಬೇಕು, ಆದರೆ ಮೈಭಾರ ಹೊತ್ತು ಅದರ ಮೃದ್ವಸ್ಥಿ ಸವೆಯುತ್ತದೆ. ಮಂಡಿಯನ್ನು ಬರೀ ಬಿಜಾಗರಿ ಕೀಲು ಎಂದಿದ್ದೀರಿ. ಮಡಿಸಿದಾಗ ಅದು ತುಸು ತಿರುಗುತ್ತದೆ ಕೂಡ. ಪಾದ ಊರಿಕೊಂಡು ಮೈ ಹೊರಳಿಸಿದವರಲ್ಲಿ ಮಂಡಿಯೊಳಗಿನ ಅರ್ಧಚಂದ್ರಾಕಾರದ ಮೆತ್ತೆ ಹರಿಯುವುದು ಇದರಿಂದಲೇ.

ದೇಹದಲ್ಲಿ 206 ಕೀಲುಗಳಿವೆ ಎಂಬ ವಾಕ್ಯವನ್ನು ತೆಗೆಯಿರಿ, ಅದು ವಯಸ್ಕರ ಮೂಳೆಗಳ ಸಂಖ್ಯೆ.

ಎಲ್ಲ ಕೀಲುನೋವಿಗೂ ವಯಸ್ಸು ಮತ್ತು ವಾಯುವನ್ನೇ ಹೊಣೆ ಮಾಡಿರುವುದನ್ನು ಒಪ್ಪಲಾರೆ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ, ಮತ್ತು ಅದು ಹರೆಯದವರಿಗೂ ಬರುತ್ತದೆ. ಗೌಟ್‌ನಲ್ಲಿ ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ, ಹೆಚ್ಚಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ, ಶೇಖರವಾಗುತ್ತವೆ. ಇವಕ್ಕೆಲ್ಲ ಒಂದೇ ಎಣ್ಣೆಯನ್ನು ಸೂಚಿಸಿರುವ ನಿಮ್ಮ ಕೊನೆಯ ಪುಟವನ್ನು ಯಾವ ರೂಪದಲ್ಲೂ ಅಚ್ಚು ಹಾಕುವುದಿಲ್ಲ.

ಇದೆಲ್ಲಕ್ಕಿಂತ ನನಗೆ ಅಚ್ಚರಿ ತಂದದ್ದು, ಚಿಕ್ಕಮಗಳೂರಿನಲ್ಲಿ ಕುಳಿತು ಬರೆದ ಈ ಲೇಖನದಲ್ಲಿ ಹಂದಿಗೋಡು ಕಾಯಿಲೆಯ ಸುಳಿವೇ ಇಲ್ಲದಿರುವುದು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬೆಳಕಿಗೆ ಬಂದ ಈ ಕಾಯಿಲೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲೂ ಕಂಡುಬಂದಿದೆ. ಮುಖ್ಯವಾಗಿ ಸೊಂಟದ ಕೀಲನ್ನು ಹಾಳುಗೆಡವಿ, ತೀವ್ರವಾದಾಗ ನಡಿಗೆಯನ್ನೇ ಕಸಿಯುತ್ತದೆ. ಕೆಲವರು ಬೆಳವಣಿಗೆ ಕುಂಠಿತವಾಗಿ ಕುಳ್ಳಗೇ ಉಳಿಯುತ್ತಾರೆ. ಕೀಟನಾಶಕ ಬೆರೆತ ಗದ್ದೆಗಳ ಏಡಿ ತಿಂದದ್ದೇ ಕಾರಣವೆಂದು ಮೊದಲು ಶಂಕಿಸಲಾಗಿತ್ತು. ಮುಂದೆ ವಂಶಾವಳಿಗಳನ್ನು ಪರಿಶೀಲಿಸಿದ ಸಂಶೋಧಕರು ಇದು ಆನುವಂಶಿಕವೆಂದು ಗುರುತಿಸಿದರು. ಬಡ ಕೂಲಿ ಕುಟುಂಬಗಳೇ ಇದರಿಂದ ಹೆಚ್ಚು ನೊಂದಿವೆ.

ಲೇಖನವನ್ನು ಸೊಂಟದ ಕೀಲಿನಿಂದಲೇ ಆರಂಭಿಸಿ, ಅದರ ರಚನೆ, ಸವೆತ, ಹಂದಿಗೋಡು ಇವಿಷ್ಟನ್ನೇ ಬಿಡಿಸಿ ಬರೆದು ಕಳುಹಿಸಿ. ಉಳಿದ ಕೀಲುಗಳಿಗೆ ಒಂದು ಪ್ಯಾರಾ ಸಾಕು.

ಇತಿ,
ಸಂಪಾದಕ